ನಿನ್ನೆಯ ಬಿಸಿನೀರು

ಗುಂಡ್ಲುಪೇಟೆಯ ಅಜ್ಮತ್ ಉಲ್ಲಾ ಕೆಲಸ ಮುಗಿದ ದಿನ ಪೂರ್ತಿ ಕೂಲಿಯನ್ನು ತೆಗೆದುಕೊಳ್ಳುವುದಿಲ್ಲ. ಮನೆಯ ತಾರಸಿಯ ಮೇಲೆ ಸೋಲಾರ್ ಹೀಟರ್ ಕೂರಿಸಿ, ನಲ್ಲಿಗಳನ್ನು ಜೋಡಿಸಿ, ರಿಯಾಯಿತಿಯ ಅರ್ಜಿಯನ್ನು ತಾವೇ ತುಂಬಿ ಕರೆಂಟ್ ಆಫೀಸಿಗೆ ಕೊಟ್ಟ ಮೇಲೂ ಒಂದು ಪಾಲನ್ನು ಮನೆಯವರ ಬಳಿಯೇ ಬಿಟ್ಟು ಬರುತ್ತಾರೆ. ಕರೆಂಟ್ ಬಿಲ್ಲಿನಲ್ಲಿ ಸೋಲಾರ್ ರಿಯಾಯಿತಿಯ ಸಾಲು ಮೊದಲ ಬಾರಿ ಅಚ್ಚಾಗಿ ಬಂದ ತಿಂಗಳು, ಆ ಕಾಗದವನ್ನು ಕಣ್ಣಾರೆ ನೋಡಿದ ನಂತರವೇ ಉಳಿದದ್ದಕ್ಕೆ ಕೈ ಚಾಚುತ್ತಾರೆ. ರಿಯಾಯಿತಿ ದೊಡ್ಡ ಮೊತ್ತವೇನಲ್ಲ. ಆದರೆ ತಾವು ಆಡಿದ ಮಾತು ಅಚ್ಚಿನಲ್ಲಿ ಕಾಣಿಸುವುದು ಅಲ್ಲೊಂದು ಕಡೆ ಮಾತ್ರ ಎಂಬುದು ಅವರ ನಂಬಿಕೆ.

ಇದು ಕಲಾಯಿ ಕಸುಬಿನಿಂದ ಬಂದ ಪದ್ಧತಿ. ಅವರ ತಂದೆ ಹಿತ್ತಾಳೆ, ತಾಮ್ರದ ಪಾತ್ರೆಗಳಿಗೆ ತವರ ಬಳಿಯುತ್ತ ಹಳ್ಳಿಹಳ್ಳಿ ತಿರುಗಿದವರು. ಹುಣಸೆಹುಳಿಯ ಸಾರು ಕಾಯಿಸಿ ಮೂರು ದಿನ ನೋಡಿ, ಕಿಲುಬು ರುಚಿ ಹತ್ತದಿದ್ದರೆ ಕೂಲಿ ಕೊಡಿ ಎನ್ನುತ್ತಿದ್ದರು. ಸ್ಟೀಲಿನ ಪಾತ್ರೆಗಳು ಬಂದು ಆ ಕಸುಬು ಸೊರಗಿದಾಗ ಮಗ ಪೈಪು ಕಲಿತರು, ಆಮೇಲೆ ಸೋಲಾರ್ ಕಲಿತರು. ಅರವತ್ತು ಮನೆಗಳಿಗೆ ಹೀಟರ್ ಕೂರಿಸಿದ್ದರು, ಒಂದು ಅರ್ಜಿಯೂ ಹಿಂದಕ್ಕೆ ಬಂದಿರಲಿಲ್ಲ.

ಹಿಂದಕ್ಕೆ ಬಂದದ್ದು ಅರವತ್ತೊಂದನೆಯದು, ತೆರಕಣಾಂಬಿ ರಸ್ತೆಯ ಹಳ್ಳಿಯೊಂದರ ಪುಟ್ಟಬಸಪ್ಪನವರ ಮನೆಯದು. ಚೆಂಡು ಹೂವು, ಅರಿಶಿನ ಬೆಳೆಯುವ ದೊಡ್ಡ ಸಂಸಾರ. ಬಕೆಟ್ಟಿಗೆ ರಾಡು ಇಳಿಬಿಟ್ಟು ನೀರು ಕಾಯಿಸಿ ಕಾಯಿಸಿ, ಉಚಿತ ಕರೆಂಟಿನ ಮಿತಿಯನ್ನು ಪ್ರತಿ ತಿಂಗಳೂ ದಾಟುತ್ತಿದ್ದ ಮನೆ. ಬಚ್ಚಲಿನ ತಾಮ್ರದ ಹಂಡೆ ತಳ ಸೋರತೊಡಗಿದಾಗ ಅದನ್ನು ದುರಸ್ತಿಗೆ ತಂದ ಪುಟ್ಟಬಸಪ್ಪನವರಿಗೆ ಅಜ್ಮತ್ ಉಲ್ಲಾ ಸೋಲಾರ್ ಹಾಕಿಸುವ ಮಾತು ಹೇಳಿದ್ದರು. ಹಂಡೆ ಅಂಗಡಿಯ ಮೂಲೆಯಲ್ಲಿ ಉಳಿಯಿತು, ಸೋಲಾರ್ ತಾರಸಿ ಏರಿತು. ಆದರೆ ತಪಾಸಣೆಗೆಂದು ಬೆಳಿಗ್ಗೆ ಏಳು ಗಂಟೆಗೆ ಬಂದ ಕರೆಂಟ್ ಆಫೀಸಿನ ಇಂಜಿನಿಯರ್ ಗಂಗಾಧರಸ್ವಾಮಿ ನಲ್ಲಿ ತಿರುಗಿಸಿ ಬೆರಳೊಡ್ಡಿದಾಗ ಬಂದದ್ದು ಮಾಘದ ತಣ್ಣೀರು. ‘ಬಿಸಿನೀರು ಬರುತ್ತಿಲ್ಲ’ ಎಂದು ಬರೆದು, ಹದಿನೈದು ದಿನ ಬಿಟ್ಟು ಇನ್ನೊಮ್ಮೆ ಬರುತ್ತೇನೆ, ಆಗಲೂ ಹೀಗೇ ಇದ್ದರೆ ಅರ್ಜಿ ಮುಗಿಯಿತು ಎಂದು ಹೇಳಿ ಹೋದರು. ಆ ಬೀದಿಯಲ್ಲಿ ಇನ್ನೂ ನಾಲ್ಕು ಮನೆಯವರು ಈ ಮನೆಯ ಫಲಿತಾಂಶ ನೋಡಿ ಹಾಕಿಸೋಣವೆಂದು ಕಾದಿದ್ದರು.

ಅಜ್ಮತ್ ಉಲ್ಲಾ ಅದೇ ಮಧ್ಯಾಹ್ನ ಬಂದು ನೋಡಿದರು. ಕೈ ಸುಡುವಷ್ಟು ಬಿಸಿ. ಗಾಜಿನ ಕೊಳವೆಗಳು ಸರಿಯಿದ್ದವು, ಟ್ಯಾಂಕಿನ ಹೊದಿಕೆ ಸರಿಯಿತ್ತು. ಮರುದಿನ ಬೆಳಿಗ್ಗೆ ಬಂದರೆ ಮತ್ತೆ ತಣ್ಣೀರು. ತಮ್ಮ ಕೈಯಿಂದಲೇ ದುಡ್ಡು ಹಾಕಿ ವಾಲ್ವ್ ತಂದು ಬದಲಿಸಿದರು, ಏನೂ ಪ್ರಯೋಜನವಾಗಲಿಲ್ಲ.

ಜಗುಲಿಯಲ್ಲಿ ಕುಳಿತಿದ್ದ ಪುಟ್ಟಬಸಪ್ಪ ಕೆಣಕಿದರು. “ಏನ್ ಸಾಬ್ರೆ, ನಿಮ್ ಸೂರ್ಯ ಅರವತ್ ಮನೆಗೆ ಸುಸ್ತಾಗ್‌ಬುಟ್ನಾ?”

“ಅವ್ನು ಸರ್ಯಾಗೇ ಡ್ಯೂಟಿ ಮಾಡ್ತಾವ್ನೆ ಯಜಮಾನ್ರೆ. ನಿಮ್ಮನೇಲೇ ಯಾರೋ ಕೈ ಕೊಡ್ತಾವ್ರೆ.”

“ನಮ್ಮನೇಲಿ ಕೈ ಕೊಡೋಕೆ ಯಾರವ್ರೆ? ಎಲ್ಲಾ ಕೈ ಚಾಚೋರೇ.”

ಸೊಸೆ ಕಾವ್ಯಶ್ರೀ ಕಾಫಿ ತಂದಿಟ್ಟಳು. ಏನನ್ನೋ ಹೇಳಬೇಕೆಂಬಂತೆ ನಿಂತು, ಹೇಳದೆ ಒಳಗೆ ಹೋದಳು.

ಹತ್ತನೆಯ ದಿನ ಸಂಜೆ ಅಜ್ಮತ್ ಉಲ್ಲಾ ನಟ್ಟು ತಿರುಗಿಸುವ ಪಾನವನ್ನು ಆ ಮನೆಯಲ್ಲೇ ಮರೆತು ಅರ್ಧದಾರಿಯಿಂದ ಹಿಂತಿರುಗಿದರು. ಹಿತ್ತಿಲ ಬಾಗಿಲಿನಿಂದ ಬಂದವರಿಗೆ ಬಚ್ಚಲ ಮೋರಿಯಿಂದ ಆವಿ ಏಳುತ್ತಿರುವುದು ಕಾಣಿಸಿತು. ಒಳಗೆ ಪುಟ್ಟಬಸಪ್ಪನವರ ಹೆಂಡತಿ ದೊಡ್ಡಮಲ್ಲಮ್ಮ ನಲ್ಲಿಯನ್ನು ಪೂರ್ತಿ ತಿರುಗಿಸಿಟ್ಟು, ಬಿಸಿನೀರಿನಲ್ಲಿ ಹಾಲಿನ ಕ್ಯಾನುಗಳನ್ನು ತೊಳೆಯುತ್ತಿದ್ದರು. ಮಿಕ್ಕ ನೀರೆಲ್ಲ ಕೊಟ್ಟಿಗೆಯ ಕಡೆಗೆ ಹರಿಯುತ್ತಿತ್ತು. ಬಿಸಿನೀರು ಹೊರಹೋದಷ್ಟೂ ಮೇಲಿನ ಟ್ಯಾಂಕಿಗೆ ತಣ್ಣೀರು ಇಳಿಯುತ್ತಿತ್ತು.

“ಅವ್ವಾ, ಇದೇನ್ ಮಾಡ್ತಿದೀರಿ?”

“ಕಾಣಕಿಲ್ವಾ ಸಾಬ್ರೆ? ನೀರ ಬುಡ್ತಾವ್ನಿ. ಅಂಡೇನೂ ದಿನಾ ಸಂಜೆ ಬೋರಲಾಕ್ತಿದ್ದೆ, ಇದ್ನೂ ಅಂಗೇ.”

“ಇದ್ರ ಒಳಗೆ ಬೆಳಗಾಗೋವರ್ಗೂ ಬಿಸಿ ನಿಲ್ತದವ್ವಾ.”

“ನಿಲ್ತದೆ ಅಂತ್ಲೇ ಬುಡ್ತಾ ಇರೋದು. ನಿನ್ನೆ ಕಾಯ್ದಿದ್ದು ಇವತ್ಗೆ ತಂಗ್ಳಲ್ವಾ? ತಂಗ್ಳು ನೀರ ಉಯ್ಕಂಡು ಲಿಂಗ ಮುಟ್ಟನಾ?”

“ಈಗ ತುಂಬ್ಕಳೋ ತಣ್ಣೀರೂ ರಾತ್ರಿಯೆಲ್ಲಾ ಅಲ್ಲೇ ಇರ್ತದಲ್ಲವ್ವಾ?”

ದೊಡ್ಡಮಲ್ಲಮ್ಮ ಅವರನ್ನು ಏನೂ ತಿಳಿಯದ ಮಗುವನ್ನು ನೋಡುವಂತೆ ನೋಡಿದರು. “ಅಕ್ಕಿ ತಂಗ್ಳಾಯ್ತದಾ? ಅನ್ನ ತಂಗ್ಳಾಯ್ತದೆ. ನೀರೂ ಅಂಗೇ ಕಣಪ್ಪ.”

ವಿಚಾರಿಸಿದಾಗ ಮಿಕ್ಕ ಸಂಗತಿಯೂ ಹೊರಬಂತು. ಒಮ್ಮೆ ಶಾಕ್ ಹೊಡೆದಿದ್ದ ರಾಡನ್ನು ದೊಡ್ಡಮಲ್ಲಮ್ಮ ಮುಟ್ಟುತ್ತಿರಲಿಲ್ಲ. ಹಂಡೆ ದುರಸ್ತಿಗೆ ಹೋದಂದಿನಿಂದ, ಎಪ್ಪತ್ತೆರಡರ ವಯಸ್ಸಿನಲ್ಲಿ, ಆ ಚಳಿಯಲ್ಲಿ, ತಣ್ಣೀರನ್ನೇ ಮೈಗೆ ಹುಯ್ದುಕೊಳ್ಳುತ್ತಿದ್ದರು. ಪೂಜೆಗೆ ಹೂ ಕೊಯ್ಯುವವಳು ಸೊಸೆ, ಅವಳಿಗೂ ತಂಗಳು ನೀರು ತಾಕಬಾರದೆಂದು ಟ್ಯಾಂಕನ್ನೇ ಬರಿದು ಮಾಡುತ್ತಿದ್ದರು. ಕಾವ್ಯಶ್ರೀಗೆ ಎಲ್ಲವೂ ಗೊತ್ತಿತ್ತು. ಅತ್ತೆಯ ನೇಮವನ್ನು ಹೊರಗಿನವರ ಮುಂದೆ ದೂರಬಾರದೆಂದು ತಡೆದುಕೊಂಡಿದ್ದಳು.

ಅಂದು ಮನೆಗೆ ಬಂದ ಅಜ್ಮತ್ ಉಲ್ಲಾ ಹೆಂಡತಿ ಕುಲ್ಸುಂ ಬಿ ಮುಂದೆ ಎಲ್ಲವನ್ನೂ ಹೇಳಿಕೊಂಡರು. ತಾವು ಅನ್ಯರು, ಇನ್ನೊಬ್ಬರ ಮಡಿಯ ವಿಷಯದಲ್ಲಿ ವಾದ ಮಾಡಿದರೆ ಕೆಲಸದ ಜೊತೆ ಮೂವತ್ತು ವರ್ಷದ ಬಳಕೆಯೂ ಕೆಡುತ್ತದೆ. ವಾದ ಮಾಡದಿದ್ದರೆ ಅರ್ಜಿ ಕೆಡುತ್ತದೆ. ರೊಟ್ಟಿ ಲಟ್ಟಿಸುತ್ತಿದ್ದ ಕುಲ್ಸುಂ ಬಿ ಉರ್ದುವಿನಲ್ಲಿ ಕೇಳಿದ್ದು ಒಂದೇ ಪ್ರಶ್ನೆ: ಆ ಮನೆಯಲ್ಲಿ ಬೆಳಗಿನ ಪೂಜೆ ಮಾಡುವವರು ಎಷ್ಟು ಜನ? ಒಬ್ಬರೇ ಎಂದರು ಅಜ್ಮತ್ ಉಲ್ಲಾ. ಹಾಗಿದ್ದರೆ ಒಬ್ಬರಿಗೆ ಸಾಲುವಷ್ಟು ಹೊಸ ನೀರಿನ ದಾರಿ ನೋಡಿ ಎಂದು ಕುಲ್ಸುಂ ಬಿ ಮತ್ತೆ ಹಿಟ್ಟಿಗೆ ಕೈ ಹಾಕಿದರು.

ಮರುದಿನ ಅಂಗಡಿಯಲ್ಲಿ ಅಜ್ಮತ್ ಉಲ್ಲಾ ಆ ಸೋರುವ ಹಂಡೆಯನ್ನು ಬೆಳಕಿಗೆ ಹಿಡಿದು ನೋಡಿದರು. ತಳ ತೇಯ್ದು ಕಾಗದದಂತಾಗಿತ್ತು. ಮೇಲಿನ ಅರ್ಧ ಮಾತ್ರ ಗಟ್ಟಿಯಾಗಿತ್ತು. ಕಂಠದ ಮೇಲೆ ‘ಸಂತೆಮರಹಳ್ಳಿ ಸಿದ್ದಯ್ಯ’ ಎಂದು ಕೊರೆದಿತ್ತು, ದೊಡ್ಡಮಲ್ಲಮ್ಮನ ತಂದೆಯ ಹೆಸರು. ಮದುವೆಯಲ್ಲಿ ಬಂದ ಹಂಡೆ. ಹೇಳದೆ ಅದಕ್ಕೆ ಕತ್ತರಿ ಹಾಕುವ ಹಕ್ಕು ಯಾರಿಗೂ ಇರಲಿಲ್ಲ. ಮತ್ತೆ ಹಳ್ಳಿಗೆ ಹೋದರು.

“ಅವ್ವಾ, ನಿಮ್ ಅಂಡೇನ ಕುಯ್ದು ಚಿಕ್ದು ಮಾಡ್ಕೊಡ್ತೀನಿ. ಒಬ್ರು ಉಯ್ಕಳೋ ಅಷ್ಟು. ಮೂರು ಸೌದೆಗೆ ಕಾಯ್ತದೆ. ತಾಮ್ರ ನಿಮ್ದೇ, ಕಂಠ ನಿಮ್ದೇ, ನಿಮ್ಮಪ್ಪಾರ ಎಸ್ರೂ ಅಂಗೇ ಇರ್ತದೆ.”

ದೊಡ್ಡಮಲ್ಲಮ್ಮನಿಗೆ ಕೆಮ್ಮು ಬಂತು. ಕೆಮ್ಮಿ ಮುಗಿಸಿ, “ನಮ್ಮಪ್ಪನ ಎಸ್ರು ಸೊಟ್ಟ ಆದ್ರೆ ನಿಮ್ಮುನ್ನ ಈ ಬೀದಿಗೇ ಸೇರ್ಸಕಿಲ್ಲ,” ಎಂದರು. ಆಮೇಲೆ ಒಳಗೆ ತಿರುಗಿ ಸೊಸೆಗೆ ಕೇಳಿಸುವಂತೆ, “ನಾಳಿಂದ ಪೂಜೆ ಹೂವ ನಾನೇ ಕುಯ್ಕತೀನಿ ಕಣಮ್ಮಿ. ನೀವೆಲ್ಲಾ ನಿನ್ನೆ ನೀರಾರ ಉಯ್ಕಳಿ, ಮೊನ್ನೆ ನೀರಾರ ಉಯ್ಕಳಿ,” ಎಂದರು. ಒಳಗಿನಿಂದ ಕಾವ್ಯಶ್ರೀ ನಗುವನ್ನು ನುಂಗಿದ ಸದ್ದು ಕೇಳಿಸಿತು.

ಅಜ್ಮತ್ ಉಲ್ಲಾ ಎರಡು ದಿನ ಬೇರೆ ಕೆಲಸ ಮುಟ್ಟಲಿಲ್ಲ. ಹೆಸರಿನ ಕೆಳಗೆ ಒಂದು ಗೇಣು ಬಿಟ್ಟು ಹಂಡೆಯನ್ನು ಕತ್ತರಿಸಿ, ಹೊಟ್ಟೆಯನ್ನು ಬಡಿದು ಒಳಕ್ಕೆ ತಂದು, ಹೊಸ ತಳವನ್ನು ಬೆಸೆದರು. ಬಹಳ ವರ್ಷಗಳ ಮೇಲೆ ಅವರ ಅಂಗಡಿಯಿಂದ ಮರದ ಕೊಡತಿಯ ಸದ್ದು ಬೀದಿಗೆ ಕೇಳಿಸಿತು.

ಹದಿನೈದನೆಯ ದಿನ ಗಂಗಾಧರಸ್ವಾಮಿ ಹೇಳಿದ ಹೊತ್ತಿಗೆ ಬಂದರು. ನಲ್ಲಿಯ ಕೆಳಗೆ ಬೆರಳೊಡ್ಡಿದವರು ಸರಕ್ಕನೆ ಹಿಂದಕ್ಕೆಳೆದುಕೊಂಡರು. ಬರೆಯಲು ಪೆನ್ನು ತೆಗೆದವರ ಕಣ್ಣು ಬಚ್ಚಲ ಮೂಲೆಯ ಹೊಗೆಯ ಮೇಲೆ ನಿಂತಿತು. “ಸೋಲಾರ್ ಇಟ್ಕೊಂಡು ಒಲೆ ಯಾಕ್ರೀ ಉರೀತಿದೆ? ಇದು ಬರೀ ತೋರಿಕೆಗಾ?”

ಅಜ್ಮತ್ ಉಲ್ಲಾ ಬಾಯಿ ತೆರೆಯುವ ಮೊದಲೇ, ಹಣೆಗೆ ವಿಭೂತಿ ಧರಿಸಿ ಹೂಬುಟ್ಟಿ ಹಿಡಿದು ಬಂದ ದೊಡ್ಡಮಲ್ಲಮ್ಮ ಉತ್ತರ ಕೊಟ್ಟರು. “ಮನೇಲಿ ಏಳ್ ಜನದ್ದು ಸೂರ್ಯನ ಲೆಕ್ಕ. ಅದೊಂದು ನನ್ ಶಿವನ ಪಾಲು. ಅದು ನಿಮ್ ಮೀಟ್ರಲ್ಲಿ ಓಡಕಿಲ್ಲ, ಬರ್ಕಳಿ ಸ್ವಾಮಿ.”

ಗಂಗಾಧರಸ್ವಾಮಿ ಬರೆದುಕೊಂಡರು.

ಎರಡು ತಿಂಗಳ ಮೇಲೆ ಆ ಸಾಲು ಬಿಲ್ಲಿನಲ್ಲಿ ಬಂತು. ಪುಟ್ಟಬಸಪ್ಪ ಬಿಲ್ಲನ್ನೂ ಬಾಕಿ ಕೂಲಿಯನ್ನೂ ಒಟ್ಟಿಗೇ ಮುಂದಿಟ್ಟರು. ಅಜ್ಮತ್ ಉಲ್ಲಾ ಮೊದಲು ಬಿಲ್ಲನ್ನು ಎತ್ತಿಕೊಂಡು, ಕನ್ನಡಕ ಏರಿಸಿ, ಆ ಒಂದು ಸಾಲನ್ನು ಎರಡು ಸಲ ಓದಿದರು.

ಅಲ್ಲಿಂದ ನೇರವಾಗಿ ಎದುರುಮನೆಯ ಕೆಲಸಕ್ಕೆ ಹೋದರು. ಏಣಿಯನ್ನು ಗೋಡೆಗೆ ಒರಗಿಸಿದವರು ಹತ್ತಲಿಲ್ಲ. ಬಾಗಿಲ ಬಳಿ ಬಂದು, “ಈ ಮನೇಲಿ ಬೆಳಗ್ಗೆ ಎಲ್ರಿಗಿಂತ ಮುಂಚೆ ಮೈ ತೊಳ್ಕಳೋರು ಯಾರು?” ಎಂದು ಕೇಳಿದರು.

ಒಳಗಿನಿಂದ ಮುದುಕಿ ಚಿಕ್ಕಬಸಮ್ಮನ ದನಿ ಬಂತು. “ಯಾಕ್ ಸಾಬ್ರೆ, ಬೆನ್ ಉಜ್ಜೋಕ್ ಬಂದೀರಾ?”

ಅಜ್ಮತ್ ಉಲ್ಲಾ ನಕ್ಕರು. ಏಣಿಯನ್ನು ಅಲ್ಲಿಯೇ ಬಿಟ್ಟು, ಉತ್ತರಕ್ಕಾಗಿ ಜಗುಲಿಯ ಮೇಲೆ ಕುಳಿತರು.