ಓದಲಾಗದ ಮೂವತ್ತೊಂದು ಸಾವಿರ ಮಾತು

ಬೆಳಗಿನ ಐದೂಕಾಲು. ಪರದೇಶದ ಈ ಬೀದಿ ಇನ್ನೂ ಕಣ್ಣು ಬಿಟ್ಟಿಲ್ಲ. ಮೂಲೆಯ ಹೊಲಿಗೆ ಅಂಗಡಿಯ ಷಟರ್ ಮಾತ್ರ ಮೊಣಕಾಲೆತ್ತರಕ್ಕೆ ಎದ್ದಿದೆ. ಒಳಗೆ, ಉದ್ದ ಕಡಿಮೆ ಮಾಡಬೇಕಾದ ಪ್ಯಾಂಟುಗಳ ರಾಶಿಯನ್ನು ಪಕ್ಕಕ್ಕೆ ತಳ್ಳಿ, ಇಸ್ತ್ರಿ ಮೇಜಿನ ಮೇಲೆ ಲ್ಯಾಪ್‌ಟಾಪ್ ಇಟ್ಟುಕೊಂಡು ಕೂತಿದ್ದಾರೆ ಐವತ್ತಾರರ ದೊಡ್ಡಕ್ಕ. ಓದುತ್ತ ಓದುತ್ತ ಫಕ್ಕನೆ ನಕ್ಕು, ಪರದೆಯನ್ನು ನನ್ನತ್ತ ತಿರುಗಿಸುತ್ತಾರೆ.

“ನೋಡಿ ಇಲ್ಲಿ, ಮಗುಗೆ ದಿನಾ ಎರಡು ಲೋಟ ಹಲ್ಲು ಕುಡಿಸಿ ಅಂತ ಬಂದಿದೆ! ತಮಿಳಲ್ಲಿ ಪಲ್ ಅಂದ್ರೆ ಹಲ್ಲು, ಪಾಲ್ ಅಂದ್ರೆ ಹಾಲು. ಕಂಪ್ಯೂಟರ್ ದೀರ್ಘಾನೇ ನುಂಗಿಬಿಟ್ಟಿದೆ.”

ದೊಡ್ಡಕ್ಕ ಎಂಬುದು ಅಂತರ್ಜಾಲದ ಹಳೆಯ ತಮಿಳು ಹರಟೆಕಟ್ಟೆಯೊಂದು ಅವರಿಗಿಟ್ಟ ಹೆಸರು. ಊರು ಬಿಟ್ಟು ದಿಕ್ಕುದಿಕ್ಕಿಗೆ ಚದುರಿದವರು ಅಲ್ಲಿ ಸೇರಿ ಜಗಳವಾಡಿದ್ದಾರೆ, ಮದ್ದು ಕೇಳಿದ್ದಾರೆ, ಮಕ್ಕಳಿಗೆ ಹೆಸರು ಹುಡುಕಿದ್ದಾರೆ. ಆಗ ತಮಿಳು ಟೈಪಿಸಲು ಒಬ್ಬೊಬ್ಬರದು ಒಂದೊಂದು ಫಾಂಟ್. ಆ ಫಾಂಟುಗಳು ಮೂಲೆ ಸೇರಿದ ಮೇಲೆ ಮೂವತ್ತೊಂದು ಸಾವಿರ ಬರಹಗಳು ಗೀಟು ಚುಕ್ಕೆಗಳ ಕಲಸುಮೇಲೋಗರವಾದವು. ಅವನ್ನು ಹೊಸ ಅಕ್ಷರಕ್ಕೆ ತಿರುಗಿಸುವ ತಂತ್ರಾಂಶವೇನೋ ಇದೆ. ಅದು ಎಡವಿದಲ್ಲೆಲ್ಲ ಯಾರಾದರೂ ಕಣ್ಣಿಟ್ಟು ತಿದ್ದಬೇಕು.

ಎರಡು ವರ್ಷದ ಹಿಂದೆ ಒಂಬತ್ತು ಮಂದಿ ಕೈಹಾಕಿದ ಕೆಲಸ. ಒಬ್ಬೊಬ್ಬರಾಗಿ ಜಾರಿಕೊಂಡರು. ದೊಡ್ಡಕ್ಕ ಜಾರಲಿಲ್ಲ. ಗಂಡ ಬಸ್ಸಿನ ಮೊದಲ ಪಾಳಿಗೆ ಹೊರಟ ಕೂಡಲೇ ಅಂಗಡಿಗೆ ಬರುತ್ತಾರೆ. ಎಂಟೂವರೆಗೆ ಗಿರಾಕಿ ಬರುವಷ್ಟರಲ್ಲಿ ನಲವತ್ತು ಬರಹ ಮುಗಿಯಬೇಕು. ಇನ್ನೆರಡು ತಿಂಗಳಿಗೆ ಹಳೆಯ ಸರ್ವರ್ ಬಂದ್. ಉಳಿದಿರುವುದು ಮೂರು ಸಾವಿರ ಚಿಲ್ಲರೆ. ಒಬ್ಬರ ಕೈಯಲ್ಲಿ ಆಗುವ ಲೆಕ್ಕವಲ್ಲ.

ಇಷ್ಟು ಹಟ ಯಾಕೆ?

“ಮದುವೆಯಾಗಿ ಈ ದೇಶಕ್ಕೆ ಬಂದಾಗ ಇಲ್ಲಿಯ ಭಾಷೆ ಒಂದಕ್ಷರ ಬರ್ತಿರ್ಲಿಲ್ಲ. ಕೂಸಿಗೆ ಜ್ವರ, ಇವ್ರು ಡ್ಯೂಟೀಲಿ. ಲೈಬ್ರರಿ ಕಂಪ್ಯೂಟರ್ ಮುಂದೆ ಕೂತು, ಯಾರಾದ್ರೂ ಇದ್ದೀರಾ ಅಂತ ಕಟ್ಟೇಲಿ ಬರೆದೆ.”

ಹತ್ತೇ ನಿಮಿಷದಲ್ಲಿ ಹಡಗಿನ ಮೆಕ್ಯಾನಿಕ್ಕೊಬ್ಬರ ಉತ್ತರ ಬಂತು. ಕಟ್ಟೆಗೆ ಅವರು ಹಡಗು ಮಾಮ, ಇಲ್ಲಿಯ ಬಂದರಿಗೆ ಬಂದು ಹೋಗಿ ಈ ಭಾಷೆ ಕಲಿತಿದ್ದವರು. ಡಾಕ್ಟರಿಗೆ ಹೇಳಬೇಕಾದ ಐದು ವಾಕ್ಯಗಳನ್ನು ಇಲ್ಲಿಯ ಭಾಷೆಯಲ್ಲೇ, ತಮಿಳು ಲಿಪಿಯಲ್ಲಿ ಬರೆದುಕೊಟ್ಟಿದ್ದರು. “ಆಸ್ಪತ್ರೆ ಕಿಟಕಿ ಮುಂದೆ ನಿಂತು ಗಿಳಿಪಾಠ ಒಪ್ಪಿಸ್ದೆ. ಮಗು ಉಳೀತು.”

ಹಡಗು ಮಾಮ ಈಗಿಲ್ಲ. ಮೂರು ತಿಂಗಳ ಹಿಂದೆ ಅವರ ಮಗಳು ಕಟ್ಟೆಗೆ ಇಂಗ್ಲಿಷಿನಲ್ಲಿ ಬರೆದಳು: ಅಪ್ಪ ಬರೆದದ್ದೇನಾದರೂ ಸಿಗಬಹುದೇ? ತಮಿಳು ಮಾತಾಡುತ್ತಾಳೆ, ಓದಲು ಬಾರದು. ದೊಡ್ಡಕ್ಕ ಹುಡುಕಿ ಹುಡುಕಿ ಇನ್ನೂರ ಹನ್ನೆರಡು ಬರಹ ತೆಗೆದರು. ತಿದ್ದಿ, ತಾವೇ ಗಟ್ಟಿಯಾಗಿ ಓದಿ, ಧ್ವನಿಮುದ್ರಿಸಿ ಕಳಿಸಿದರು. ಒಂದರಲ್ಲಿ ಹೀಗಿತ್ತು: ‘ಇವತ್ತು ಮಗಳು ಫೋನಿನಲ್ಲಿ ಮೊದಲ ಸಲ ಅಪ್ಪ ಅಂದಳಂತೆ. ಇಂಜಿನ್ ಸದ್ದಿಗೆ ಕೇಳಿಸಲಿಲ್ಲ. ಇನ್ನೊಮ್ಮೆ ಅನ್ನು ಪುಟ್ಟಿ ಅಂದೆ. ಅಷ್ಟರಲ್ಲಿ ನಿದ್ದೆ ಹೋಗಿದ್ದಳು.’

ಅದನ್ನು ಕೇಳಿದ ದಿನ ಅವಳು ಫೋನ್ ಮಾಡಿದಳು. ಆ ಸಾಲುಗಳನ್ನು ಇನ್ನೊಮ್ಮೆ ಓದಿಸಿಕೊಂಡಳು. ಆಮೇಲೆ ಅವಳೇ ಕೇಳಿದಳು, “ಅತ್ತೆ, ನಂಗೂ ಅಕ್ಷರ ಹೇಳಿಕೊಡ್ತೀರಾ?”

ಅಂದಿನಿಂದ ವಾರಕ್ಕೆ ನಾಲ್ಕು ಪಾಠ. ಹೋದ ವಾರದಿಂದ ಅವಳೂ ತಿದ್ದಲು ಕೂತಿದ್ದಾಳೆ, ದಿನಕ್ಕೆ ಇಪ್ಪತ್ತು. ಇಬ್ಬರದೂ ಸೇರಿದರೆ ಸರ್ವರ್ ನಿಲ್ಲುವುದರೊಳಗೆ ಕೆಲಸ ದಡ ಸೇರುತ್ತದೆ.

ಎಂಟೂವರೆ. ಹೊರಗೆ ಗಿರಾಕಿಯ ಕಾಲುಗಳು ಕಾಣುತ್ತಿವೆ. ಹಡಗು ಮಾಮನ ಮಗಳು ಇವತ್ತು ಕಳಿಸಿದ ಇಪ್ಪತ್ತನ್ನೂ ದೊಡ್ಡಕ್ಕ ಮೇಲಿಂದ ಕೆಳಗೆ ನೋಡಿ ಮುಗಿಸಿ, ಕನ್ನಡಕ ತೆಗೆಯುತ್ತಾರೆ.

“ಒಂದೂ ತಪ್ಪಿಲ್ಲ,” ಎನ್ನುತ್ತಾರೆ. ಷಟರ್ ಎತ್ತಲು ಏಳುತ್ತ, ತುಸು ನಾಚಿಕೊಂಡೇ ಸೇರಿಸುತ್ತಾರೆ, “ನಾನೇ ಕಲಿಸಿದ್ದು.”