ಮೂರನೇ ಕೋಲ್ಡ್ ರೂಮಿನ ಕರೆಗಂಟೆ

ಕೊರೊನಾ ಮುಗಿದ ಮರುವರ್ಷ ನಾನು ಪಣಂಬೂರಿನ ಹತ್ತಿರದ ಒಂದು ಮೀನು ರಫ್ತು ಕಂಪೆನಿಯ ಐ.ಟಿ. ವಿಭಾಗದಲ್ಲಿ ಟೆಸ್ಟಿಂಗ್ ಕೆಲಸದಲ್ಲಿದ್ದೆ. ನಿವೃತ್ತಿಗೆ ಎರಡು ವರ್ಷ ಉಳಿದಿತ್ತು. ಮಕ್ಕಳೇ, ಅಜ್ಜಿ ಆಫೀಸಿನಲ್ಲಿ ಏನು ಮಾಡುತ್ತಿದ್ದಳು ಎಂದು ನೀವು ಆಗಾಗ ಕೇಳುತ್ತೀರಿ. ನಾನು ಏನಾದರೂ ಹೇಳಿ ಮಾತು ತಪ್ಪಿಸುತ್ತೇನೆ. ಬಾಯಲ್ಲಿ ಹೇಳಲು ಆಗದ್ದನ್ನು ಇಲ್ಲಿ ಬರೆದುಕೊಡುತ್ತಿದ್ದೇನೆ. ಹಮೀದ್ ಎಂಬ ಲೋಡಿಂಗ್ ಕೆಲಸಗಾರನ ಬೆರಳುಗಳು ಹೋದ, ಶೀನಣ್ಣ ಎಂಬ ಆಪರೇಟರ್ ಕೆಲಸ ಕಳೆದುಕೊಳ್ಳುವುದರಲ್ಲಿದ್ದ ಸಂಗತಿ ಇದು.

ನಾನು ಓದಿದ್ದು ವಾಮಂಜೂರಿನ ಕನ್ನಡ ಶಾಲೆಯಲ್ಲಿ. ನಿಮ್ಮ ಅಜ್ಜ ತೀರಿಕೊಂಡ ಮೇಲೆ ಈ ಕಂಪೆನಿಗೆ ಟೈಪಿಸ್ಟ್ ಆಗಿ ಸೇರಿದೆ. ಕಂಪ್ಯೂಟರ್ ಬಂದಾಗ ಅದನ್ನೂ ಕಲಿತೆ. ನಾಲ್ಕು ಜನರ ಎದುರು ಮಾತಾಡುವುದನ್ನು ಮಾತ್ರ ಕಲಿಯಲಿಲ್ಲ. ಟೆಸ್ಟಿಂಗ್ ಎಂದರೆ ಇಷ್ಟೇ: ಹುಡುಗರು ಹೊಸ ಪ್ರೋಗ್ರಾಂ ಬರೆದ ಮೇಲೆ, ಅದು ಪ್ಲಾಂಟಿನ ಜನರ ಕೈಗೆ ಹೋಗುವ ಮೊದಲು, ಎಲ್ಲೆಲ್ಲಿ ತಪ್ಪುತ್ತದೆ ಎಂದು ಹುಡುಕುವುದು. ಹುಡುಕುವುದಕ್ಕೆ ಮಾತು ಬೇಡ. ಆದ್ದರಿಂದ ಆ ಕೆಲಸ ನನಗೆ ಹಿಡಿಸಿತ್ತು.

ವಿಭಾಗದಲ್ಲಿ ನಾವು ಏಳು ಜನ. ಮುಖ್ಯಸ್ಥರು ಪ್ರಭು ಸರ್, ಹಳೆಯ ಕಾಲದವರು. ಯಾವ ಕೆಲಸವಾದರೂ ಮೊದಲು ಪ್ಲಾಂಟಿನವರನ್ನು ಕೂರಿಸಿ ಕೇಳಬೇಕು, ಎಲ್ಲವನ್ನೂ ಬರೆಯಬೇಕು, ಸಹಿ ಆಗಬೇಕು, ಆಮೇಲೆ ಪ್ರೋಗ್ರಾಂ. ಅವರ ಮೇಜಿನ ಮೇಲೆ ಒಂದು ದಪ್ಪ ರಿಜಿಸ್ಟರ್ ಇತ್ತು. ನಾನು ಅದರಲ್ಲಿ ಕೆಂಪು ಶಾಯಿಯಲ್ಲಿ ಒಂದು ಸಾಲು ಬರೆದರೆ, ಅದು ಸರಿಯಾಗುವ ತನಕ ಕೆಲಸ ಅಲ್ಲೇ ನಿಲ್ಲುತ್ತಿತ್ತು. ತಪ್ಪುಗಳು ಕಡಿಮೆ, ಆದರೆ ಒಂದು ಸಣ್ಣ ಬದಲಾವಣೆಗೆ ಆರು ತಿಂಗಳು.

ಮಾಲೀಕರಿಗೆ ಅಷ್ಟು ತಾಳ್ಮೆ ಇರಲಿಲ್ಲ. ಅವರು ನಿಖಿಲ್ ಎಂಬ ಹುಡುಗನನ್ನು ಪ್ರಾಜೆಕ್ಟ್ ಮ್ಯಾನೇಜರ್ ಮಾಡಿ ತಂದರು. ಅವನ ಪದ್ಧತಿಗೆ ಅಜೈಲ್ ಎಂದು ಹೆಸರು. ದೊಡ್ಡ ಕೆಲಸವನ್ನು ಚೂರು ಮಾಡಿ, ಎರಡೆರಡು ವಾರಕ್ಕೆ ಒಂದೊಂದು ಚೂರು ಮುಗಿಸಿ ಜನರ ಕೈಗೆ ಕೊಡುವುದು. ಆ ಎರಡು ವಾರಕ್ಕೆ ಸ್ಪ್ರಿಂಟ್ ಎನ್ನುತ್ತಾರೆ. ದಿನಾ ಬೆಳಿಗ್ಗೆ ಒಂಬತ್ತೂವರೆಗೆ ಎಲ್ಲರೂ ನಿಂತುಕೊಂಡೇ ಮಾತಾಡಬೇಕು: ನಿನ್ನೆ ಮಾಡಿದ್ದೇನು, ಇವತ್ತು ಮಾಡುವುದೇನು, ಅಡ್ಡಿ ಏನಾದರೂ ಇದೆಯೇ. ಅದು ಸ್ಟ್ಯಾಂಡ್-ಅಪ್.

"ನಿಂತು ಹೇಳಿದ್ದು ನಿಂತಲ್ಲೇ ಆವಿಯಾಗ್ತದೆ ಮಾರಾಯ, ಬರ್ದಿಡಿ" ಎಂದು ಪ್ರಭು ಸರ್ ಕುಟುಕಿದರು.

"ಸರ್, ನೀವು ಬರ್ದು ಮುಗಿಸುವಾಗ ಬಂಗುಡೆ ಮೀನಿನ ಸೀಸನ್ನೇ ಮುಗಿದಿರ್ತದೆ" ಎಂದು ನಿಖಿಲ್ ನಕ್ಕ.

ಮಾಲೀಕರು ಇಬ್ಬರನ್ನೂ ನೋಯಿಸದೆ, ಎರಡೂ ಇರಲಿ ಎಂದರು. ಬೆಳಿಗ್ಗೆ ಸ್ಟ್ಯಾಂಡ್-ಅಪ್, ಸಂಜೆ ರಿಜಿಸ್ಟರಿಗೆ ಸಹಿ. ಕೇಳುವುದಕ್ಕೆ ಚೆನ್ನಾಗಿಯೇ ಇತ್ತು. ಆದರೆ ಕೆಲಸವನ್ನು ನಿಲ್ಲಿಸುವ ಅಧಿಕಾರ ಈಗ ಯಾವುದಕ್ಕೆ, ನಿಂತು ಹೇಳಿದ ಮಾತಿಗೋ ಕೆಂಪು ಸಾಲಿಗೋ, ಎಂದು ಯಾರೂ ಕೇಳಲಿಲ್ಲ. ನಾನೂ ಕೇಳಲಿಲ್ಲ.

ನನ್ನ ಸರದಿ ಬಂದಾಗ ನಾನು ನೆಲ ನೋಡಿಕೊಂಡು "ಎಂತ ಇಲ್ಲ" ಎನ್ನುತ್ತಿದ್ದೆ. ಹುಡುಗರಿಗೆ ಅದೇ ತಮಾಷೆ. "ಸರೋಜಕ್ಕನದ್ದು ಮುಗೀತು, ಒಂದು ಸೆಕೆಂಡ್ ಸಹ ಆಗ್ಲಿಲ್ಲ" ಎನ್ನುತ್ತಿದ್ದರು. ನಾನೂ ನಗುತ್ತಿದ್ದೆ.

ಆ ಬೇಸಿಗೆಯಲ್ಲಿ ಕರೆಗಂಟೆಯ ಕೆಲಸ ಬಂತು. ಮೀನಿನ ಪೆಟ್ಟಿಗೆಗಳನ್ನು ಇಡುವ ಕೋಲ್ಡ್ ರೂಮಿನಲ್ಲಿ ಮೈನಸ್ ಇಪ್ಪತ್ತು ಡಿಗ್ರಿ ಚಳಿ. ಯಾರಾದರೂ ಒಳಗೆ ಸಿಕ್ಕಿಕೊಂಡರೆ ಒತ್ತಲು ಬಾಗಿಲ ಪಕ್ಕ ಒಂದು ಗುಂಡಿ. ಒತ್ತಿದ ಕೂಡಲೇ ಹೊರಗೆ ಕೆಂಪು ದೀಪ ಹತ್ತುತ್ತದೆ, ಮೆಷಿನ್ ರೂಮಿನಲ್ಲಿ ಪಾಳಿಗೊಬ್ಬರಂತೆ ದುಡಿಯುವ ಐದು ಆಪರೇಟರ್‌ಗಳ ಮೊಬೈಲಿಗೆ ಸಂದೇಶ ಹೋಗುತ್ತದೆ. ಮೆಷಿನ್ನುಗಳ ಸದ್ದಿನಲ್ಲಿ ಗಂಟೆ ಕೇಳದ ಕಾರಣ ಮೊಬೈಲನ್ನೇ ನಂಬಿದ್ದರು. ರಜೆಯಲ್ಲಿದ್ದವರಿಗೂ ಸಂದೇಶ ಬಂದು ಕಿರಿಕಿರಿ ಎಂದು ಆಪರೇಟರ್‌ಗಳೇ ದೂರಿದರು. ಡ್ಯೂಟಿ ಪಟ್ಟಿಯಲ್ಲಿ ಹೆಸರಿದ್ದವರಿಗೆ ಮಾತ್ರ ಹೋಗುವಂತೆ ನಿಖಿಲ್ ಒಂದೇ ಸ್ಪ್ರಿಂಟಿನಲ್ಲಿ ಬದಲಾಯಿಸಿ ನನಗೆ ಟೆಸ್ಟಿಂಗಿಗೆ ಕೊಟ್ಟ.

ಆಪರೇಟರ್‌ಗಳ ಒಂದು ರೂಢಿ ನನಗೆ ಗೊತ್ತಿತ್ತು. ಮನೆಯಲ್ಲಿ ಮದುವೆಯೋ ಭೂತಕೋಲವೋ ಇದ್ದರೆ ಅವರು ಬಾಯಲ್ಲೇ ಡ್ಯೂಟಿ ಬದಲಿಸಿಕೊಳ್ಳುತ್ತಿದ್ದರು. "ನಾಳೆ ನೀನು ಬಾ, ಆದಿತ್ಯವಾರ ನಾನು ಬರ್ತೇನೆ," ಅಷ್ಟೇ. ಪಟ್ಟಿಯಲ್ಲಿ ಹೆಸರು ತಿದ್ದುವುದು ಎರಡು ಮೂರು ದಿನ ಕಳೆದ ಮೇಲೆ, ನೆನಪಾದರೆ. ನಾನು ಪಟ್ಟಿ ತಿದ್ದದೆ ಡ್ಯೂಟಿ ಬದಲಿಸಿದಂತೆ ಮಾಡಿ ಪರೀಕ್ಷಿಸಿದೆ. ಸಂದೇಶ ಮನೆಯಲ್ಲಿದ್ದವನಿಗೆ ಹೋಯಿತು. ಪ್ಲಾಂಟಿನಲ್ಲಿದ್ದವನಿಗೆ ಏನೂ ಬರಲಿಲ್ಲ.

ರಿಜಿಸ್ಟರಿನಲ್ಲಿ ಕೆಂಪು ಶಾಯಿಯಲ್ಲಿ ನಾಲ್ಕು ಸಾಲು ಬರೆದೆ. ಸಂಜೆ ಪ್ರಭು ಸರ್ ಸಹಿ ಹಾಕಿದರು. ಮರುದಿನ ಸ್ಟ್ಯಾಂಡ್-ಅಪ್ಪಿನಲ್ಲಿ ನಿಖಿಲ್, "ಸರೋಜಕ್ಕ, ಗಂಟೆಯ ಪ್ರೋಗ್ರಾಂ ಇವತ್ತು ಪ್ಲಾಂಟಿಗೆ ಬಿಡುವುದಲ್ವಾ? ಅಡ್ಡಿ ಉಂಟಾ?" ಎಂದು ಕೇಳಿದ. ಎಲ್ಲರೂ ನನ್ನ ಕಡೆ ತಿರುಗಿದರು. ಹೇಗೂ ಬರೆದಿದ್ದೇನೆ, ಸಹಿ ಆಗಿದೆ, ಹೇಳಬೇಕಾದರೆ ಪ್ರಭು ಸರ್ ಹೇಳುತ್ತಾರೆ ಎಂದುಕೊಂಡೆ. "ಎಂತ ಇಲ್ಲ" ಎಂದೆ.

ಮೂರು ವಾರದ ನಂತರ ಒಂದು ಮಧ್ಯಾಹ್ನ, ಎಲ್ಲರೂ ಊಟಕ್ಕೆ ಹೋಗಿದ್ದ ಹೊತ್ತಿನಲ್ಲಿ, ಹಮೀದ್ ಮೂರನೇ ಕೋಲ್ಡ್ ರೂಮಿನೊಳಗೆ ಪೆಟ್ಟಿಗೆ ಜೋಡಿಸುತ್ತಿದ್ದ. ಬಾಗಿಲು ಮುಚ್ಚಿಕೊಂಡಿತು. ಒಳಗಿನ ಹಿಡಿ ಮಂಜುಗಟ್ಟಿ ಅಲ್ಲಾಡಲಿಲ್ಲ. ಅವನು ಗ್ಲೌಸ್ ತೆಗೆದು ಗುಂಡಿ ಒತ್ತಿದ. ಮತ್ತೆ ಮತ್ತೆ ಒತ್ತಿದ. ಆ ದಿನ ಶೀನಣ್ಣ ಇನ್ನೊಬ್ಬರ ಬದಲಿಗೆ ಬಂದು ಮೆಷಿನ್ ರೂಮಿನಲ್ಲಿದ್ದರು. ಸಂದೇಶ ಆ ಇನ್ನೊಬ್ಬರಿಗೆ ಹೋಯಿತು. ಅವರು ತಂಗಿಯ ಹೊಸ ಮನೆಯ ಒಕ್ಕಲಿನ ಊಟದ ಪಂಕ್ತಿಯಲ್ಲಿ ಬಡಿಸುತ್ತಿದ್ದರು. ಮೊಬೈಲ್ ಕೋಣೆಯಲ್ಲಿ ತೂಗುಹಾಕಿದ ಅಂಗಿಯ ಕಿಸೆಯಲ್ಲಿತ್ತು. ಊಟ ಮುಗಿಸಿ ಬಂದವರು ಕೆಂಪು ದೀಪ ನೋಡಿ ಬಾಗಿಲು ತೆಗೆಯುವಾಗ ಮುಕ್ಕಾಲು ಗಂಟೆ ಕಳೆದಿತ್ತು.

ಹಮೀದ್ ಬದುಕಿದ. ಬಲಗೈಯ ಮೂರು ಬೆರಳುಗಳ ತುದಿಗಳನ್ನು ಆಸ್ಪತ್ರೆಯಲ್ಲಿ ತೆಗೆದರು.

ಮರುದಿನವೇ ಶೀನಣ್ಣನನ್ನು ಅಮಾನತು ಮಾಡಿದರು. ಕರೆಗಂಟೆಯನ್ನು ಕಡೆಗಣಿಸಿದ ಆರೋಪ. ವಿಚಾರಣೆ ಮುಗಿದ ಮೇಲೆ ಕೆಲಸದಿಂದ ತೆಗೆಯುತ್ತಾರೆ ಎಂದು ಎಲ್ಲರೂ ಮಾತಾಡಿಕೊಂಡರು. "ನನ್ನ ಮೊಬೈಲಿಗೆ ಎಂತದೂ ಬರ್ಲಿಲ್ಲ, ದೇವರಾಣೆ" ಎಂದು ಅವರು ಗೇಟಿನ ಹತ್ತಿರ ಸಿಕ್ಕವರಿಗೆಲ್ಲ ಮೊಬೈಲ್ ತೋರಿಸುತ್ತಿದ್ದರಂತೆ. "ಅಳಿಸಿರ್ಬೇಕು" ಎಂದು ಬೆನ್ನ ಹಿಂದೆ ಹೇಳಿದವರೂ ಇದ್ದರು. ಸಂದೇಶ ತನ್ನ ಜೊತೆಗೆ ಶೀನಣ್ಣನಿಗೂ ಹೋಗಿರುತ್ತದೆ ಎಂದೇ ಆ ಇನ್ನೊಬ್ಬ ಆಪರೇಟರ್ ಕೂಡ ನಂಬಿದ್ದರು.

ನನಗೆ ನಿಜ ಗೊತ್ತಿತ್ತು. ಆದರೂ ಐದು ದಿನ ಸುಮ್ಮನಿದ್ದೆ. ಹೇಳಿದರೆ ಪ್ರಭು ಸರ್ ಸಿಕ್ಕಿಬೀಳುತ್ತಾರೆ, ನಿಖಿಲ್ ಸಿಕ್ಕಿಬೀಳುತ್ತಾನೆ, ನಾನು "ಎಂತ ಇಲ್ಲ" ಎಂದದ್ದು ಹೊರಗೆ ಬರುತ್ತದೆ. ಪ್ರತಿ ದಿನ ಬೆಳಿಗ್ಗೆ ಇವತ್ತು ಹೇಳಬೇಕು ಎಂದು ಹೊರಡುತ್ತಿದ್ದೆ. ಸಂಜೆ ಹೇಳದೆ ಹಿಂದೆ ಬರುತ್ತಿದ್ದೆ.

ಆರನೇ ದಿನ ವಿಚಾರಣೆ. ನನ್ನನ್ನು ಯಾರೂ ಕರೆದಿರಲಿಲ್ಲ. ರಿಜಿಸ್ಟರನ್ನು ಎದೆಗವಚಿಕೊಂಡು ಒಳಗೆ ಹೋದೆ. ಜನರಲ್ ಮ್ಯಾನೇಜರ್, ಪ್ರಭು ಸರ್, ನಿಖಿಲ್, ಇನ್ನೊಂದು ಬದಿಯಲ್ಲಿ ಶೀನಣ್ಣ. ಪುಟ ತೆರೆದು ಮೇಜಿನ ಮೇಲಿಟ್ಟೆ. ಕೆಂಪು ಸಾಲುಗಳನ್ನು ಬೆರಳಿನಿಂದ ತೋರಿಸಿದೆ.

ನಿಖಿಲ್ ಓದಿ ಬಿಳಿಚಿಕೊಂಡ. "ಸರೋಜಕ್ಕ, ನಾನು ಎಲ್ಲರ ಎದುರು ಕೇಳಿದ್ದೇನಲ್ಲ? ಎಂತ ಇಲ್ಲ ಅಂದ್ರಿ ನೀವು!"

"ಬರೆದಿದ್ದೆ. ಸರ್ ಸಹಿ ಹಾಕಿದ್ರು."

ಪ್ರಭು ಸರ್ ಕನ್ನಡಕ ತೆಗೆದು ತಮ್ಮ ಸಹಿಯನ್ನು ನೋಡಿದರು. "ಓದ್ಲಿಲ್ಲ" ಎಂದರು. "ಈಗ ಎಲ್ಲ ಸ್ಟ್ಯಾಂಡ್-ಅಪ್ಪಲ್ಲೇ ತೀರ್ಮಾನ ಆಗ್ತದಲ್ಲ. ಅಡ್ಡಿ ಇದ್ರೆ ಅಲ್ಲಿ ಹೇಳಿರ್ತಾರೆ ಅಂತ ಸಹಿ ಹಾಕಿಬಿಟ್ಟೆ."

ಶೀನಣ್ಣನ ಅಮಾನತು ರದ್ದಾಯಿತು. ಕೇಳದೆ ಡ್ಯೂಟಿ ಬದಲಿಸಿಕೊಂಡದ್ದಕ್ಕೆ ಎಚ್ಚರಿಕೆಯ ಪತ್ರ ಕೊಟ್ಟರು. ಹಮೀದನನ್ನು ಗೇಟಿನಲ್ಲಿ ಲಾರಿಗಳ ನಂಬರ್ ಬರೆಯುವ ಕೆಲಸಕ್ಕೆ ಹಾಕಿದರು. ಅವನು ಎಡಗೈಯಲ್ಲಿ ಬರೆಯಲು ಕಲಿಯಬೇಕಾಯಿತು. ಪ್ರಭು ಸರ್ ಎರಡು ತಿಂಗಳಲ್ಲಿ ಸ್ವಯಂ ನಿವೃತ್ತಿ ತೆಗೆದುಕೊಂಡರು. ನನಗೆ ಮಾತ್ರ ಏನೂ ಆಗಲಿಲ್ಲ. "ನೀವು ಬರೆದಿಟ್ಟಿದ್ರಿಂದ ಒಳ್ಳೆಯದಾಯ್ತು, ನಿಮ್ಮ ತಪ್ಪಿಲ್ಲ" ಎಂದು ಜನರಲ್ ಮ್ಯಾನೇಜರ್ ಹೇಳಿದರು. ಅಷ್ಟು ಕೆಟ್ಟ ಹೊಗಳಿಕೆಯನ್ನು ನಾನು ಬೇರೆ ಕೇಳಿಲ್ಲ.

ಆಮೇಲೆ ನಿಖಿಲ್ ಒಂದು ನಿಯಮ ಮಾಡಿದ. ಪರದೆಯ ಬಣ್ಣ, ವರದಿಯ ಸಾಲುಗಳಂಥ ಕೆಲಸ ಎರಡು ವಾರದ ಪದ್ಧತಿಯಲ್ಲಿ. ಜೀವಕ್ಕೆ ತಾಗುವಂಥದ್ದು ಹಳೆಯ ಪದ್ಧತಿಯಲ್ಲಿ. ಕೆಂಪು ಸಾಲನ್ನು ಬರೆದವರಲ್ಲದೆ ಬೇರೊಬ್ಬರು ಸ್ಟ್ಯಾಂಡ್-ಅಪ್ಪಿನಲ್ಲಿ ಗಟ್ಟಿಯಾಗಿ ಓದಬೇಕು. ಬಳಸುವವರೇ ಬಂದು ನೋಡಿ ಒಪ್ಪಬೇಕು.

ಹಾಗೆ ಹೊಸ ಕರೆಗಂಟೆ ನೋಡಲು ಬಂದವರು ಶೀನಣ್ಣ. ಎರಡು ಸಲ ಪರೀಕ್ಷೆ ಮಾಡಿ ಸರಿ ಇದೆ ಎಂದರು. ಹೊರಡುವಾಗ ನನ್ನ ಮೇಜಿನ ಎದುರು ನಿಂತರು.

"ನಿಮಗೆ ಮೊದ್ಲೇ ಗೊತ್ತಿತ್ತಲ್ಲ ಸರೋಜಕ್ಕ?"

"ಗೊತ್ತಿತ್ತು."

"ಅವರ ಪುಸ್ತಕವೂ ಬೇಡ, ಇವರ ಮೀಟಿಂಗೂ ಬೇಡ. ನನ್ನನ್ನು ಕರೆದು ಒಂದು ಮಾತು ಹೇಳಿದ್ರೆ ಸಾಕಿತ್ತು. ನಾನು ಪಟ್ಟಿಯಲ್ಲಿ ಹೆಸರು ತಿದ್ದಿಸಿಯೇ ಒಳಗೆ ಹೋಗ್ತಿದ್ದೆ."

ಅದು ನನಗೆ ಹೊಳೆದಿರಲೇ ಇಲ್ಲ. ಯಾವ ಪದ್ಧತಿ ಮೇಲು ಎಂದು ನೀವು ದೊಡ್ಡವರಾಗಿ ಎಷ್ಟೋ ಕಡೆ ವಾದ ಕೇಳುತ್ತೀರಿ. ನನಗೆ ಇಷ್ಟು ಮಾತ್ರ ಗೊತ್ತು. ಎರಡನ್ನೂ ಇಟ್ಟುಕೊಂಡ ಮನೆಯಲ್ಲಿ ಒಬ್ಬೊಬ್ಬರೂ ಇನ್ನೊಂದರ ಮೇಲೆ ಭಾರ ಹಾಕಿ ಮಲಗಬಹುದು. ನಾನು ಬರೆದ ನಾಲ್ಕು ಸಾಲು ಹಮೀದನ ಬೆರಳನ್ನು ಉಳಿಸಲಿಲ್ಲ, ನನ್ನನ್ನು ಉಳಿಸಿತು. ನಿಮಗೆ ಅಪಾಯ ಕಂಡರೆ ಯಾರಿಗೆ ಪೆಟ್ಟಾಗುತ್ತದೋ ಅವರ ಹತ್ತಿರ ಹೋಗಿ ಹೇಳಿ. ನಾಚಿಕೆಯಾದರೆ ನಾಚಿಕೊಂಡೇ ಹೇಳಿ.