ಚೆಕ್ಕರ್ ಬಿಸಾಡಿದ ಬೀಡಿ

ಕಲ್ಲಡ್ಕದ ಬೀಡಿ ಕಂಪನಿಯ ಬ್ರಾಂಚಿಗೆ ಕಮಲಾಕ್ಷ ಚೆಕ್ಕರ್ ಆಗಿ ಸೇರಿದ್ದು ಎಪ್ಪತ್ತೆಂಟರಲ್ಲಿ. ಹೆಂಗಸರು ಮನೆಯಲ್ಲಿ ಕಟ್ಟಿ ತಂದ ಬೀಡಿಯನ್ನು ನೋಡಿ, ಸರಿಯಿಲ್ಲದ್ದನ್ನು ಬಿಸಾಡುವುದು ಅವನ ಕೆಲಸ. ಬಿಸಾಡಿದ್ದಕ್ಕೆ ಕೂಲಿಯಿಲ್ಲ. ಹಾಗಾಗಿ ಮೀಸೆ ಚಿಗುರಿದ್ದ ಆ ಹುಡುಗನಿಗೆ ಅಜ್ಜಿಯಂದಿರೂ ಹೆದರುತ್ತಿದ್ದರು. ಅವನು ಹೆದರುತ್ತಿದ್ದದ್ದು ಜಲಜಾಕ್ಷಿಯ ಕಣ್ಣಿಗೆ ಮಾತ್ರ.

ಜಲಜಾಕ್ಷಿಯ ಗಂಡ ಸುಧಾಕರ ಬೊಂಬಾಯಿಯ ಹೋಟೆಲಿನಲ್ಲಿದ್ದ, ವರ್ಷಕ್ಕೊಮ್ಮೆ ಊರಿಗೆ ಬರುತ್ತಿದ್ದ. ಉಳಿದ ದಿನಗಳಲ್ಲಿ ಅವಳಿಗಿದ್ದದ್ದು ಅತ್ತೆ ಮತ್ತು ಬೀಡಿ. ಬ್ರಾಂಚಿನ ಮೇಜಿನೆದುರು ಶುರುವಾದ ನಗು ಗೇರುಗುಡ್ಡೆಯವರೆಗೆ ಹೋಯಿತು. ಗೊತ್ತಾದರೆ ಅವಳು ಬೀದಿಪಾಲು, ಇವನ ಮೂಳೆ ಪುಡಿಪುಡಿ. ಆದರೂ ಬಿಡಲಾಗಲಿಲ್ಲ.

ಊರಿನ ಕಣ್ಣು ತಪ್ಪಿಸಲು ಕಮಲಾಕ್ಷ ಒಂದು ಉಪಾಯ ಹೂಡಿದ. ಎಲ್ಲರೆದುರು ಅವಳ ಬೀಡಿಯನ್ನೇ ಹಿಡಿ ಹಿಡಿಯಾಗಿ ಬಿಸಾಡತೊಡಗಿದ. ಮಹಾ ಬುದ್ಧಿವಂತ! ಅವಳಷ್ಟು ಚೆಂದ ಬೀಡಿ ಕಟ್ಟುವವರು ಊರಲ್ಲೇ ಇರಲಿಲ್ಲ. ಒಂದು ಬೀಡಿ ಹೋದರೂ ಉಳಿದ ಹೆಂಗಸರು ಬ್ರಾಂಚು ಹಾರಿಹೋಗುವಂತೆ ಜಗಳಾಡುವಾಗ, ಅವಳು ಹಿಡಿ ಬೀಡಿ ಹೋದರೂ ತುಟಿ ಪಿಟಕ್ಕೆನ್ನುತ್ತಿರಲಿಲ್ಲ.

ಮರುವರ್ಷ ರಜೆಗೆ ಬಂದ ಸುಧಾಕರ ಒಂದು ಬೆಳಿಗ್ಗೆ ನೇರ ಬ್ರಾಂಚಿಗೆ ನುಗ್ಗಿದ. ಕಮಲಾಕ್ಷ ಕುರ್ಚಿ ಹಿಂದಕ್ಕೆ ತಳ್ಳಿ ಹಿಂಬಾಗಿಲಿನತ್ತ ನೋಡಿದ.

“ನನ್ನ ಹೆಂಡತಿಯ ಬೀಡಿ ಯಾಕೆ ಬಿಸಾಡುವುದು ನೀವು? ಅವಳು ನಿಮಗೆ ಏನು ಮಾಡಿದ್ದಾಳೆ? ಸಾಕು ಮಾರಾಯ್ರೆ ನಿಮ್ಮ ಬೀಡಿ. ಅವಳನ್ನು ನಾನು ಬೊಂಬಾಯಿಗೆ ಕರ್ಕೊಂಡು ಹೋಗ್ತೇನೆ.”

ಅಷ್ಟೇ! ಕಮಲಾಕ್ಷನಿಗೆ ಹೋದ ಜೀವ ಬಂದಂತಾಯಿತು. ಅವಳು ಬಸ್ಸು ಹತ್ತಿದ ದಿನ ಅವನು ಅತ್ತದ್ದು ನಿಜ. ಅತ್ತು ಮುಗಿಸಿ, ಎಷ್ಟೋ ತಿಂಗಳ ನಂತರ ಹೊಟ್ಟೆ ತುಂಬ ಉಂಡದ್ದೂ ನಿಜ.

ಮರುದಿನ ಬೀಡಿ ತಂದವರಲ್ಲಿ ಎಲ್ಲರಿಗಿಂತ ಹಿರಿಯಳಾದ ಸೈನಬ ಮೇಜಿನ ಮುಂದೆ ನಿಂತಳು. ಕಮಲಾಕ್ಷ ತಲೆಯೆತ್ತದೆ ಕೇಳಿದ:

“ಸೈನಬಕ್ಕ, ಸುಧಾಕರಣ್ಣನಿಗೆ ಬೀಡಿಯ ವಿಷಯ ಹೇಳಿದ್ದು ಯಾರು?”

“ನಾವೇ. ಎಲ್ಲರೂ ಒಟ್ಟಿಗೆ ಹೋಗಿ ಹೇಳಿದೆವು.”

“ಬೀಡಿಯದ್ದು ಮಾತ್ರವಾ?”

“ನಮಗೂ ಕಣ್ಣು ಉಂಟು ಮಗಾ,” ಎಂದಳು ಸೈನಬ. “ಉಳಿದದ್ದು ಹೇಳಿದ್ದರೆ ಆ ಹುಡುಗಿ ಎಲ್ಲಿಗೆ ಹೋಗುವುದು? ಅದಕ್ಕೆ ಬೀಡಿಯದ್ದು ಮಾತ್ರ ಹೇಳಿದ್ದು. ಈಗ ನನ್ನ ಕಟ್ಟು ನೋಡು.”

ಕಮಲಾಕ್ಷ ಮದುವೆಯಾಗಿ, ಮಕ್ಕಳಾಗಿ, ಎಂಬತ್ತೊಂಬತ್ತನೇ ಇಸವಿಯವರೆಗೂ ಅದೇ ಮೇಜಿನ ಹಿಂದೆ ಕುಳಿತಿದ್ದ. ಒಳ್ಳೆಯ ಬೀಡಿ ಒಂದನ್ನೂ ಮತ್ತೆ ಬಿಸಾಡಲಿಲ್ಲ. ಎದುರು ನಿಂತವರೆಲ್ಲ ತನ್ನನ್ನು ಉಳಿಸಿದವರೆಂದು ಅವನಿಗೆ ಗೊತ್ತಿತ್ತು.